ಕುರಕುಂಭ ಫಾಟಾದಲ್ಲಿ ಅರ್ಧ ಗಂಟೆ

ಪುಣೆಯಿಂದ ಸೋಲಾಪುರದ ದಾರಿ ಹಿಡಿದು, ಪಾಟಸ್ ಟೋಲ್ ದಾಟಿದ ಮೇಲೆ ಸಿಗುವ ಊರು ಕುರಕುಂಭ. ಎಡಕ್ಕೆ ಹೊರಳಿದರೆ ದೌಂಡ್ ಜಂಕ್ಷನ್, ಬಲಕ್ಕೆ ಬಾರಾಮತಿ. ಫಿರಂಗಾಯಿ ದೇವಿಯ ಗುಡಿ ಇರುವ ಊರು ಇದು. ಆದರೆ ಲಾರಿಯವರಿಗೆ ಕುರಕುಂಭ ಎಂದರೆ ಎಂಐಡಿಸಿ, ರಾಸಾಯನಿಕ ಕಾರ್ಖಾನೆಗಳ ವಸಾಹತು. ಗಾಜು ಏರಿಸಿ ಕೂತರೂ ಕೆಲವು ದಿನ ವಾಸನೆಯಲ್ಲೇ ಊರು ಬಂತೆಂದು ಗೊತ್ತಾಗುತ್ತದೆ. ಈ 65ನೇ ನಂಬರಿನ ಹೆದ್ದಾರಿ ಸೋಲಾಪುರ ಮುಟ್ಟಿ, ಮುಂದೆ ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್ ಹಾದು ಹೈದರಾಬಾದಿಗೆ ಹೋಗುತ್ತದೆ. ಹಾಗಾಗಿ ಫಾಟಾದಲ್ಲಿ ನಿಂತರೆ ಎಂಎಚ್-42, ಎಂಎಚ್-13ರ ನಡುವೆ ಕೆಎ-28, ಕೆಎ-32, ಕೆಎ-38 ಪಾಟಿಗಳೂ ಕಣ್ಣಿಗೆ ಬೀಳುತ್ತವೆ. ವಿಜಯಪುರ, ಕಲಬುರಗಿ, ಬೀದರಿನವರಿಗೆ ಪುಣೆ ಎಂದರೆ ಮಗಳ ಮನೆ, ಮಗನ ನೌಕರಿ, ಇಲ್ಲವೇ ಬಾಡಿಗೆ ಗಾಡಿ.

ನಾಲ್ಕು ದಿಕ್ಕಿನ ಗಾಡಿ ಸೇರುವ ಕಡೆ ಗ್ಯಾರೇಜು ತಾನಾಗಿ ಹುಟ್ಟುತ್ತದೆ. ತಗಡಿನ ಶೆಡ್ಡು, ಮುಂದೆ ಕಪ್ಪಾಗಿ ಹೆಪ್ಪುಗಟ್ಟಿದ ನೆಲ, ಗೋಡೆಗೆ ಸಾಲಾಗಿ ತೂಗುಬಿಟ್ಟ ಪಾನಾಗಳು. ಪರವೂರಿನವನಿಗೆ ಇಲ್ಲಿ ಏಳುವ ಪ್ರಶ್ನೆ ಒಂದೇ: ನಂಬುವುದು ಹೇಗೆ? ಹೊಸ ಊರಿನ ಖಾನಾವಳಿಯಲ್ಲಿ ಊಟಕ್ಕೆ ಕೂರುವ ಮೊದಲು ಒಂದು ಚಹಾ ಕುಡಿದು ನೋಡುವವರಿದ್ದಾರೆ. ಗ್ಯಾರೇಜಿನಲ್ಲಿ ಆ ಚಹಾ ಎಂದರೆ ಆಯಿಲ್ ಚೇಂಜ್. ಖರ್ಚು ಕಡಿಮೆ, ಅರ್ಧ ಗಂಟೆಯ ಕೆಲಸ, ಎಲ್ಲವೂ ನಮ್ಮ ಕಣ್ಣೆದುರು. ಅಷ್ಟರಲ್ಲಿ ಮಿಸ್ತ್ರಿಯ ಕೈಗುಣ ಪೂರ್ತಿ ಬಯಲಾಗುತ್ತದೆ. ಕ್ಲಚ್ಚು, ಇಂಜಿನ್ನು ಬಿಚ್ಚಲು ಕೊಡುವ ಮಾತು ಆಮೇಲೆ.

ಹೋದ ಬೇಸಿಗೆಯಲ್ಲಿ ನಾನು ನಿಂತ ಶೆಡ್ಡಿನ ಮಿಸ್ತ್ರಿ ಮೊದಲು ಪಾಟಿ ನೋಡಿದ. “ಗುಲ್ಬರ್ಗಾ ಕಾ?” ಎಂದ. ಹೌದೆಂದೆ. ಬಾನೆಟ್ ಎತ್ತಿದನೇ ಹೊರತು ಪಾನಾ ಮುಟ್ಟಲಿಲ್ಲ, ಚಹಾ ತರಿಸಿದ. ಹೆದ್ದಾರಿಯಲ್ಲಿ ಓಡಿ ಬಂದ ಇಂಜಿನ್ನಿನ ಆಯಿಲ್ ಕೈ ಸುಡುತ್ತದೆ; ಪೂರ್ತಿ ತಣ್ಣಗಾದರೆ ಗಟ್ಟಿಯಾಗಿ ತಳದ ಕೊಳೆಯನ್ನು ಹೊತ್ತು ತರುವುದಿಲ್ಲ. ಬೆಚ್ಚಗಿರುವಾಗಲೇ ಇಳಿಸಬೇಕು. ಗಾಡಿ ನಿಂತ ಕ್ಷಣದಲ್ಲೇ ಅಡಿಗೆ ನುಗ್ಗುವ ಹುಡುಗನಿಗಿಂತ ಈ ಚಹಾ ತರಿಸುವವನೇ ಮೇಲು ಎಂದು ನನಗಾಗಲೇ ಅನ್ನಿಸಿತು.

ಚೇಂಬರಿನ ಅಡಿಯ ಡ್ರೈನ್ ಬೋಲ್ಟು ನೋಡಲು ಚಿಕ್ಕದು, ತೊಂದರೆ ದೊಡ್ಡದು. ಕೆಲವು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಒಬ್ಬ ಹುಡುಗ ಉದ್ದನೆಯ ಪೈಪು ಸಿಕ್ಕಿಸಿ ಮೈಮೇಲೆ ಬಿದ್ದು ನನ್ನ ಬೋಲ್ಟ್ ಬಿಗಿ ಮಾಡಿದ್ದ. ಮುಂದಿನ ಸಲ ಬಿಚ್ಚುವಾಗ ಥ್ರೆಡ್ಡೆಲ್ಲ ಬೋಲ್ಟಿನ ಜೊತೆಗೇ ಹೊರಬಂತು. ಮರಾಠಿಯಲ್ಲಿ ‘ಆಟೆ ಗೇಲೇ’ ಎನ್ನುತ್ತಾರೆ. ಇಲ್ಲಿಯ ಮಿಸ್ತ್ರಿ ಬೋಲ್ಟನ್ನು ಮೊದಲು ಬೆರಳಿನಿಂದ ತಿರುಗಿಸಿದ, ಆಮೇಲೆ ಪಾನಾ ಹಾಕಿ ಹದವಾಗಿ ಒಂದೆಳೆತ. ಹಳೇ ವಾಷರ್ ಎಸೆದು ಹೊಸದು ಹಾಕಿದ. ಐದು-ಹತ್ತು ರೂಪಾಯಿಯ ಆ ಬಳೆಯನ್ನು ಉಳಿಸುವವನು ಒಳಗೆ ಇನ್ನೇನೇನು ಉಳಿಸುತ್ತಾನೋ! ಹೊಸ ಫಿಲ್ಟರಿನ ರಬ್ಬರಿಗೂ ಬೆರಳಿನಿಂದ ಆಯಿಲ್ ಸವರಿ, ಕೈಯಿಂದಲೇ ಬಿಗಿ ಮಾಡಿದ.

ಪಕ್ಕದಲ್ಲಿ ಇಂಡಿ ಕಡೆಯ ಲಾರಿ ಡ್ರೈವರೊಬ್ಬ ಕೂತಿದ್ದ. ಬಕೆಟ್ಟಿಗೆ ಇಳಿಯುತ್ತಿದ್ದ ಕರಿ ಆಯಿಲ್ ನೋಡಿ ನಾನು ಮುಖ ಕಿವುಚಿದ್ದನ್ನು ಕಂಡು ನಕ್ಕ. “ಕರ್ರಗಾತಂದ್ರ ಕೆಟ್ಟತಂತ ತಿಳೀಬ್ಯಾಡ್ರಿ ಸಾಹೇಬ್ರ. ಡೀಸೆಲ್ ಗಾಡ್ಯಾಗ ನಾಕ್ ದಿನಕ್ಕ ಕರ್ರಗಾಗತೈತಿ. ಹಾಲ್ ಹಾಕಿದ ಚಾದಂಗ ಕಂಡ್ರ ಅಂಜ್ರಿ.” ಖರೆ ಮಾತು. ಡೀಸೆಲ್ಲಿನ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಆಯಿಲ್ಲಿನ ಕೆಲಸ. ಹಾಲಿನ ಬಣ್ಣ ಬಂದರೆ ನೀರೋ ಕೂಲಂಟೋ ಸೇರಿದೆ ಎಂದರ್ಥ. ಬಣ್ಣ ತೋರಿಸಿ ಹೆದರಿಸಿ ಆಯಿಲ್ ಮಾರುವ ಅಂಗಡಿಗಳಿಗೆ ಇಂಥ ಡ್ರೈವರುಗಳು ಸಿಗುವುದಿಲ್ಲ, ನನ್ನಂಥವರು ಸಿಗುತ್ತಾರೆ. ಈಗಿನ ಎಷ್ಟೋ ಕಾರುಗಳಿಗೆ ಹತ್ತು ಸಾವಿರ ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಲೆಕ್ಕ ಗಾಡಿಯ ಜೊತೆ ಬರುವ ಪುಸ್ತಕದಲ್ಲಿರುತ್ತದೆ. ಆ ಪುಸ್ತಕವನ್ನು ಡ್ಯಾಶ್‌ಬೋರ್ಡಿನ ಗೂಡಿನಿಂದ ಹೊರತೆಗೆದವರನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ.

ಮಿಸ್ತ್ರಿ ಕಂಡಿದ್ದ. ನನ್ನಿಂದ ಪುಸ್ತಕ ಕೇಳಿ ಪಡೆದು ಗ್ರೇಡ್ ನೋಡಿದ. ಹಳೇ ಗಾಡಿಗಳಿಗೆಲ್ಲ 20ಡಬ್ಲ್ಯೂ-40 ಸುರಿದು ಕೈತೊಳೆದುಕೊಳ್ಳುವ ಕಾಲ ಹೋಯಿತು. ಆ ಡಬ್ಲ್ಯೂ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿನ ಇಂಜಿನ್ನಿನಲ್ಲಿ ಆಯಿಲ್ ಬೇಗ ಹರಿಯುತ್ತದೆ. ಮುಂದಿನ ಅಂಕಿ ಕಾದ ಮೇಲಿನ ದಪ್ಪ. ಈಗ 5ಡಬ್ಲ್ಯೂ-30, 0ಡಬ್ಲ್ಯೂ-20 ಕೇಳುವ ಗಾಡಿಗಳಿವೆ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರುಗಳು ಕೂತಿವೆ. ಬೂದಿ ಹೆಚ್ಚು ಬಿಡುವ ಆಯಿಲ್ ಹಾಕಿದರೆ ಅವು ನಿಧಾನಕ್ಕೆ ಕಟ್ಟಿಕೊಳ್ಳುತ್ತವೆ. “ದಪ್ಪ ಇದ್ದಷ್ಟೂ ಒಳ್ಳೇದು” ಎನ್ನುವ ಗ್ಯಾರೇಜಿಗೆ ಹೊಸ ಗಾಡಿ ಕೊಡಬೇಡಿ. ಹೆಚ್ಚು ಸುರಿದರೂ ತಪ್ಪೇ. ಕ್ರ್ಯಾಂಕು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಲೋಹ ಕಾಯುವ ಶಕ್ತಿಯಿಲ್ಲ. ಡಿಪ್‌ಸ್ಟಿಕ್ಕಿನ ಎರಡು ಗೆರೆಗಳ ನಡುವೆ ಇದ್ದರೆ ಸಾಕು.

ಹಾಗಾದರೆ ಕಂಪನಿಯ ಶೋರೂಮಿಗೇ ಹೋಗಬಾರದೇ? ಹೋಗಬಹುದು, ವಾರಂಟಿ ಇರುವಾಗಲಂತೂ ಅದೇ ನೆಮ್ಮದಿ. ಆದರೆ ಹೊರಗಿನ ಮಿಸ್ತ್ರಿಯ ಕೈ ಕಟ್ಟಿದವರು ಯಾರೆಂದೂ ನೆನಪಿರಬೇಕು. ಬಿಡಿಭಾಗ, ದುರಸ್ತಿಯ ಮಾಹಿತಿ ಎರಡನ್ನೂ ಮುಕ್ತ ಮಾರುಕಟ್ಟೆಗೆ ಬಿಡುತ್ತಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಮಿಸ್ತ್ರಿಗಳು ಅವರವರ ಶೆಡ್ಡಿನಲ್ಲೇ ಉಳಿದರು.

ಇಳಿಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಮಿಸ್ತ್ರಿ ಮೂಲೆಯ ಬ್ಯಾರೆಲ್ ತೋರಿಸಿದ. ಸುಟ್ಟ ಆಯಿಲ್ಲಿಗೂ ಗಿರಾಕಿಗಳಿದ್ದಾರೆ: ಸೆಂಟ್ರಿಂಗ್ ಹಲಗೆಗೆ ಬಳಿಯುವವರು, ಗೆದ್ದಲಿಗೆಂದು ಒಯ್ಯುವವರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆ ಘಟಕಕ್ಕೆ ಸೇರಬೇಕು. ಈ ಒಂದು ಪರೀಕ್ಷೆಯಲ್ಲಿ ನಾನು ಕಂಡ ಒಳ್ಳೆಯ ಗ್ಯಾರೇಜುಗಳೂ ಪೂರ್ತಿ ಅಂಕ ಪಡೆದಿಲ್ಲ. ಈ ಶೆಡ್ಡಿನ ಹೊರಗೂ ಮೋರಿ ಕಪ್ಪಾಗಿತ್ತು.

ಕೊನೆಗೆ ಅವನು ಮಾಡಿದ ಕೆಲಸವೇ ನನಗೆ ಹಿಡಿಸಿದ್ದು. ಖಾಲಿ ಡಬ್ಬಿಯನ್ನು ನೆಲಕ್ಕಿಟ್ಟು ಸ್ಕ್ರೂಡ್ರೈವರಿನಿಂದ ಎರಡು ತೂತು ಹೊಡೆದ. ತೂತಿಲ್ಲದ ಡಬ್ಬಿಗೆ ಗುಜರಿಯಲ್ಲಿ ಬೆಲೆ ಹೆಚ್ಚು, ಏಕೆಂದರೆ ಅದೇ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬರುತ್ತದೆ. ಆಮೇಲೆ ಬಿಲ್ಲಿನ ಹಿಂದೆ ಕಿಲೋಮೀಟರ್ ಬರೆದ. ಹಳೇ ಫಿಲ್ಟರನ್ನು ಮರಾಠಿ ಪೇಪರಿನಲ್ಲಿ ಸುತ್ತಿ, “ತುಮಚಾ ಆಹೇ” ಎಂದು ನನ್ನ ಕೈಗಿಟ್ಟ. ಬೇಡವೆನ್ನಲು ಮನಸ್ಸಾಗಲಿಲ್ಲ. ಭಿಗವಣದಲ್ಲಿ ಮೀನೂಟಕ್ಕೆ ಇಳಿದಾಗ ನೋಡಿದರೆ ಪೇಪರು ನೆನೆದು ಸೀಟಿನ ಅಡಿಯ ಮ್ಯಾಟಿನ ಮೇಲೆ ಅಂಗೈಯಗಲದ ಕರಿ ಕಲೆ.