ಅಂಕಿ ಹಿರಿದಾದರೆ ವೇಗವೂ ಹಿರಿದೇ?
ಕುಣಿಗಲ್ ಸೀಮೆಯ ಹುತ್ರಿದುರ್ಗವನ್ನೇರಲು ಕೋಟೆಬಾಗಿಲುಗಳನ್ನು ದಾಟಬೇಕು. ಬಾಗಿಲೊಂದು ಕಿರಿದಾಗಿದ್ದರೆ, ಹೊರೆಯಾಳುಗಳನ್ನು ಇಮ್ಮಡಿಸಿದರೂ ಮೇಲೇರುವ ಹೊರೆ ಇಮ್ಮಡಿಯಾಗದು. ಗಣಕದ ಪರದೆಗೆ ಚಿತ್ರ ರಚಿಸುವ ಗ್ರಾಫಿಕ್ಸ್ ಕಾರ್ಡಿನ ರೀತಿಯೂ ಇದೇ.

ಎನ್ವಿಡಿಯಾ ಸಂಸ್ಥೆಯ ಎರಡು ಹಳೆಯ ಕಾರ್ಡುಗಳನ್ನು ಹೋಲಿಸೋಣ. 2007ರ ಜಿಫೋರ್ಸ್ 8800 ಜಿಟಿಯಲ್ಲಿ ಲೆಕ್ಕಮಾಡುವ ಘಟಕಗಳು 112. 2008ರ 9600 ಜಿಟಿಯಲ್ಲಿ 64 ಮಾತ್ರ, ಅವುಗಳ ಗತಿ ತುಸು ಹೆಚ್ಚು. ಆದರೆ ಸ್ಮೃತಿಕೋಶದ ದಾರಿ ಎರಡರಲ್ಲಿಯೂ 256 ಬಿಟ್ ಅಗಲ. ಸೆಕೆಂಡಿಗೆ ಸಾಗಬಲ್ಲುದು 57.6 ಗಿಗಾಬೈಟ್. ಆದಕಾರಣ ಘಟಕಗಳು ನೂರಕ್ಕೆ 43ರಷ್ಟು ಕಡಿಮೆಯಾದರೂ ಅನೇಕ ಆಟಗಳಲ್ಲಿ ವೇಗ ಅಷ್ಟು ಕುಗ್ಗಲಿಲ್ಲ. ಲೆಕ್ಕದ ಭಾರ ಹೆಚ್ಚಿದಲ್ಲಿ ಮಾತ್ರ ಅಂತರ ಹಿಗ್ಗಿತು.

ಹಳೆಯ ಕಾರ್ಡಿಗೆ ಹಣ ತೆರಲಿರುವ ವಿದ್ಯಾರ್ಥಿಯು ಒಂದೇ ಅಂಕಿಗೆ ಮರುಳಾಗಬಾರದು. ತನ್ನ ಕೆಲಸಕ್ಕೆ ಯಾವ ಬಾಗಿಲು ಕಿರಿದೆಂಬುದನ್ನು ಮೊದಲು ಅರಿಯಬೇಕು.