ಒಬ್ಬನ ಶೋಕಕ್ಕೆ ನೂರು ವಾದ್ಯ

ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಬೀದಿಯೊಂದರಲ್ಲಿ ಇಬ್ಬರು ಗೆಳೆಯರು ನಡೆದು ಹೋಗುತ್ತಿದ್ದರು. ಒಬ್ಬನು ವಾಸ್ತುಶಿಲ್ಪಿಯೂ ಚಿತ್ರಕಾರನೂ ಆಗಿದ್ದ ವಿಕ್ಟರ್ ಹಾರ್ಟ್‌ಮನ್. ಇನ್ನೊಬ್ಬನು ಸಂಗೀತರಚನಕಾರ ಮೊಡೆಸ್ಟ್ ಮುಸೋರ್ಗ್‌ಸ್ಕಿ. ಹಾರ್ಟ್‌ಮನ್ ಥಟ್ಟನೆ ನಿಂತುಬಿಟ್ಟನು. ಮುಖ ಬಿಳಿಚಿಕೊಂಡಿತು, ಗೋಡೆಗೆ ಒರಗಿ ಏದುಸಿರು ಬಿಡತೊಡಗಿದನು. ಮುಸೋರ್ಗ್‌ಸ್ಕಿ ಅದನ್ನು ದೊಡ್ಡದಾಗಿ ಎಣಿಸಲಿಲ್ಲ. ಹಗುರವಾಗಿ ಎರಡು ಮಾತನಾಡಿ ಸುಮ್ಮನಾದನು. ೧೮೭೩ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹಾರ್ಟ್‌ಮನ್ ತೀರಿಕೊಂಡನು. ಮಿತ್ರನ ಪ್ರಾಣಸಂಕಟವನ್ನು ಕಣ್ಣಾರೆ ಕಂಡೂ ಅರಿಯದೆ ಹೋದೆನೆಂಬ ಕೊರಗನ್ನು ಮುಸೋರ್ಗ್‌ಸ್ಕಿ ವಿಮರ್ಶಕ ವ್ಲದೀಮಿರ್ ಸ್ತಾಸೊವನಿಗೆ ಬರೆದ ಕಾಗದದಲ್ಲಿ ತೋಡಿಕೊಂಡಿದ್ದಾನೆ.

ಮರುವರ್ಷ ಸ್ತಾಸೊವನು ಮುಂದೆ ನಿಂತು ಗತಿಸಿದ ಕಲಾವಿದನ ನಾಲ್ಕುನೂರಕ್ಕೂ ಮಿಕ್ಕ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿದನು. ಅದನ್ನು ನೋಡಿಬಂದ ಮುಸೋರ್ಗ್‌ಸ್ಕಿ ೧೮೭೪ರ ಜೂನ್ ತಿಂಗಳಲ್ಲಿ, ಸುಮಾರು ಮೂರೇ ವಾರಗಳ ಅವಧಿಯಲ್ಲಿ, 'ಪ್ರದರ್ಶನದ ಚಿತ್ರಗಳು' ಎಂಬ ಕೃತಿಯನ್ನು ಬರೆದು ಮುಗಿಸಿದನು. ಅದು ಒಂದೇ ಒಂದು ಪಿಯಾನೋಗಾಗಿ ಬರೆದದ್ದು. ಆದರೆ ಲೋಕದ ಬಹುಮಂದಿ ರಸಿಕರು ಅದನ್ನು ಮೊದಲು ಕೇಳಿದ್ದು ನೂರು ವಾದ್ಯಗಳ ಮೇಳದಲ್ಲಿ. ಈ ರೂಪಾಂತರ ಹೇಗಾಯಿತು, ಅದರಲ್ಲಿ ಬಂದ ಲಾಭವೇನು, ಆದ ನಷ್ಟವೇನು ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ.

ಮೊದಲು ಕೃತಿಯ ಕಟ್ಟಡವನ್ನು ನೋಡೋಣ. ಇದರಲ್ಲಿ ಹತ್ತು ಚಿತ್ರಗಳಿವೆ. ಕುಳ್ಳ ಪಿಶಾಚಿ, ಹಳೆಯ ಕೋಟೆ, ಎತ್ತಿನ ಬಂಡಿ, ಮೊಟ್ಟೆಯೊಡೆಯದ ಕೋಳಿಮರಿಗಳ ಕುಣಿತ, ಪ್ಯಾರಿಸ್ಸಿನ ನೆಲಮಾಳಿಗೆಯ ಅಸ್ಥಿಗಳು, ಕೊನೆಯಲ್ಲಿ ಕೀವ್ ನಗರದ ಮಹಾದ್ವಾರ, ಹೀಗೆ ಸಾಗುತ್ತದೆ. ಆದರೆ ಕೃತಿಯ ಜೀವ ಇರುವುದು ಚಿತ್ರಗಳ ನಡುವೆ ಮರಳಿ ಮರಳಿ ಬರುವ 'ಪ್ರೊಮೆನಾಡ್' ಎಂಬ ನಡಿಗೆಯ ರಾಗದಲ್ಲಿ. ಚಿತ್ರದಿಂದ ಚಿತ್ರಕ್ಕೆ ನಡೆಯುವ ಪ್ರೇಕ್ಷಕನೇ ಈ ರಾಗ. ಅಲ್ಲಿ ಕಾಣುವುದು ತನ್ನದೇ ಮುಖವೆಂದು ಕವಿಹೃದಯದ ಈ ಸಂಗೀತಗಾರ ಹೇಳಿಕೊಂಡಿದ್ದಾನೆ. ಐದು ಎಣಿಕೆ, ಮತ್ತೆ ಆರು ಎಣಿಕೆ ಎಂದು ಬದಲಾಗುವ ಅದರ ಗತಿಯಲ್ಲಿ ಸ್ಥೂಲಕಾಯನೊಬ್ಬನು ತಡೆದು ತಡೆದು ಹೆಜ್ಜೆಯಿಡುವ ಭಾವವಿದೆ. ಅಸ್ಥಿಗಳ ಚಿತ್ರವನ್ನು ದಾಟಿದ ಮೇಲೆ ಇದೇ ರಾಗ ಕುಗ್ಗಿದ ದನಿಯಲ್ಲಿ ಕೇಳಿಬರುತ್ತದೆ. ಸತ್ತ ಮಿತ್ರನ ಚೇತನವೇ ತನ್ನನ್ನು ಕೈಹಿಡಿದು ಕಪಾಲಗಳ ಬಳಿಗೆ ಕರೆದೊಯ್ಯುತ್ತಿದೆ ಎಂಬ ಅರ್ಥದ ಟಿಪ್ಪಣಿಯನ್ನು ಅವನು ಹಸ್ತಪ್ರತಿಯಲ್ಲಿ ಬರೆದಿಟ್ಟಿದ್ದಾನೆ. ಆದ್ದರಿಂದ ಇದು ಬರಿಯ ಚಿತ್ರಮಾಲೆಯಲ್ಲ, ಶೋಕತಪ್ತನೊಬ್ಬನ ಯಾತ್ರೆ.

ಪಿಯಾನೋದ ಸಾಮರ್ಥ್ಯವೇ ಬೇರೆ, ವಾದ್ಯವೃಂದದ ಸಾಮರ್ಥ್ಯವೇ ಬೇರೆ. ಪಿಯಾನೋದ ಮನೆಯೊಂದನ್ನು ಬೆರಳು ಒತ್ತಿದೊಡನೆ ಒಳಗೊಂದು ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ನಾದ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ವೀಣೆಯಲ್ಲಾದರೆ ಮೀಟಿದ ತಂತಿಯನ್ನು ಎಳೆದು ಗಮಕ ತೆಗೆಯಬಹುದು. ಪಿಯಾನೋಗೆ ಆ ಸೌಕರ್ಯವೂ ಇಲ್ಲ. ಪಿಟೀಲಿನ ಕಮಾನಾದರೋ ಒಂದೇ ಸ್ವರವನ್ನು ಹಿಡಿದು ನಿಲ್ಲಿಸಬಲ್ಲದು, ಹಿಗ್ಗಿಸಬಲ್ಲದು. ಕಹಳೆಗಳಿಗೆ ಕಾಂತಿಯಿದೆ, ಕೊಳಲಿಗೆ ತೆಳುವಿದೆ. ಪಿಯಾನೋ ಕೃತಿಯನ್ನು ವೃಂದಕ್ಕೆ ಅಳವಡಿಸುವವನು ಸ್ವರಗಳನ್ನು ವಾದ್ಯಗಳಿಗೆ ಹಂಚಿಕೊಟ್ಟರೆ ಸಾಲದು; ಈ ವಾಕ್ಯವನ್ನು ಆಡುವವರು ಯಾರು ಎಂಬುದನ್ನು ಪ್ರತಿ ಹೆಜ್ಜೆಯಲ್ಲಿಯೂ ನಿರ್ಧರಿಸಬೇಕು. ಹಾಗೆ ನಿರ್ಧರಿಸಿದೊಡನೆ ಅವನು ವ್ಯಾಖ್ಯಾನಕಾರನಾಗುತ್ತಾನೆ. ವ್ಯಾಸಭಾರತವನ್ನು ಪಂಪನೂ ಹೇಳಿದನು, ಕುಮಾರವ್ಯಾಸನೂ ಹೇಳಿದನು. ಕಥೆ ಒಂದೇ, ಕಂಡ ಕಾಣ್ಕೆ ಒಂದೇ ಅಲ್ಲ. ಇಲ್ಲಿಯೂ ಹಾಗೆಯೇ.

೧೮೮೧ರಲ್ಲಿ ಮುಸೋರ್ಗ್‌ಸ್ಕಿ ತೀರಿಕೊಂಡಾಗ ಕೃತಿ ಇನ್ನೂ ಅಚ್ಚಾಗಿರಲಿಲ್ಲ. ಅವನ ಗೆಳೆಯ ರಿಮ್‌ಸ್ಕಿ-ಕೋರ್ಸಕೊವ್ ತಿದ್ದಿ ಕೊಟ್ಟ ಪ್ರತಿ ೧೮೮೬ರಲ್ಲಿ ಪ್ರಕಟವಾಯಿತು. ರಿಮ್‌ಸ್ಕಿಯ ಶಿಷ್ಯ ತುಷ್ಮಾಲೊವ್ ಮಾಡಿದ ಮೊದಲ ವೃಂದರೂಪ ೧೮೯೧ರಲ್ಲಿ ನುಡಿಯಿತು. ಅದರಲ್ಲಿ ಕೆಲವು ಚಿತ್ರಗಳನ್ನೇ ಕೈಬಿಡಲಾಗಿತ್ತು. ಇಂಗ್ಲೆಂಡಿನ ಹೆನ್ರಿ ವುಡ್ ೧೯೧೫ರಲ್ಲಿ ತನ್ನ ರೂಪವನ್ನು ಸಿದ್ಧಪಡಿಸಿದನು. ಅವನು ಮೊದಲನೆಯ ನಡಿಗೆಯನ್ನು ಮಾತ್ರ ಉಳಿಸಿಕೊಂಡು ನಡುವಣ ನಡಿಗೆಗಳನ್ನೆಲ್ಲ ತೆಗೆದುಹಾಕಿದನು. ಚಿತ್ರಗಳೇನೋ ಉಳಿದವು, ನೋಡುತ್ತಿದ್ದ ಮನುಷ್ಯ ಮರೆಯಾದನು!

ಇವೆಲ್ಲವನ್ನೂ ಹಿಂದಿಕ್ಕಿದವನು ಫ್ರಾನ್ಸಿನ ಮೋರಿಸ್ ರವೆಲ್. ಸೆರ್ಗೆ ಕೂಸೆವಿಟ್‌ಸ್ಕಿ ಎಂಬ ವೃಂದನಾಯಕನ ಕೋರಿಕೆಯಂತೆ ಅವನು ರಚಿಸಿದ ರೂಪ ೧೯೨೨ರ ಅಕ್ಟೋಬರ್ ೧೯ರಂದು ಪ್ಯಾರಿಸ್ಸಿನಲ್ಲಿ ಮೊದಲು ನುಡಿಯಿತು. ರವೆಲ್‌ಗೆ ಈ ವಿದ್ಯೆ ಹೊಸದಲ್ಲ; ಶೋಕವೂ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ಮಡಿದ ಗೆಳೆಯರ ನೆನಪಿಗೆ ಅರ್ಪಿಸಿದ ತನ್ನ ಆರು ಭಾಗಗಳ ಪಿಯಾನೋ ಕೃತಿಯೊಂದರಿಂದ ನಾಲ್ಕನ್ನು ಮಾತ್ರ ಆರಿಸಿ ಅವನು ೧೯೧೯ರಲ್ಲಿ ವೃಂದಕ್ಕೆ ಅಳವಡಿಸಿದ್ದನು. ಪಿಯಾನೋದಲ್ಲಿ ಬರೆದದ್ದೆಲ್ಲವೂ ವೃಂದಕ್ಕೆ ಸಲ್ಲುವುದಿಲ್ಲವೆಂಬ ವಿವೇಕ ಅವನಲ್ಲಿತ್ತು.

ಮುಸೋರ್ಗ್‌ಸ್ಕಿಯ ಕೃತಿಯಲ್ಲಿ ರವೆಲ್ ತೋರಿಸಿದ ವರ್ಣಪ್ರತಿಭೆಗೆ ಎಣೆಯಿಲ್ಲ. ಮೊದಲ ನಡಿಗೆಯನ್ನು ಒಂಟಿ ಟ್ರಂಪೆಟ್ಟಿಗೆ ಒಪ್ಪಿಸಿದನು. ಹಳೆಯ ಕೋಟೆಯೆದುರಿನ ಹಾಡನ್ನು ಸ್ಯಾಕ್ಸಫೋನಿಗೆ ಕೊಟ್ಟನು. ಸಿರಿವಂತನೂ ಬಡವನೂ ಎದುರುಬದುರಾಗುವ ಚಿತ್ರದಲ್ಲಿ ಬಡವನ ಗೋಗರೆತವನ್ನು ಬಾಯಿ ಕಟ್ಟಿದ ಟ್ರಂಪೆಟ್ಟಿನಿಂದ ನುಡಿಸಿದನು. ಇದನ್ನು ಕೇಳಿದ ಹೆನ್ರಿ ವುಡ್ ತನ್ನ ರೂಪವನ್ನು ಹಿಂತೆಗೆದುಕೊಂಡನೆಂದರೆ ಇದರ ಹಿರಿಮೆ ತಿಳಿದೀತು.

ಆದರೂ ರವೆಲ್ಲನ ಎತ್ತಿನ ಬಂಡಿಯನ್ನು ಸ್ವಲ್ಪ ಗಮನಿಸಿ ಕೇಳಬೇಕು. ಬಂಡಿ ದೂರದಿಂದ ಮೆಲ್ಲನೆ ಬರುತ್ತದೆ; ಟ್ಯೂಬಾ ಎಂಬ ಮಂದ್ರವಾದ್ಯ ಅದರ ಭಾರವನ್ನು ಎಳೆಯುತ್ತದೆ; ಸದ್ದು ಏರಿ, ಬಳಿಸಾರಿ, ಮತ್ತೆ ದೂರ ಸರಿದು ಅಡಗುತ್ತದೆ. ಎಷ್ಟು ಸುಂದರ! ಆದರೆ ಮುಸೋರ್ಗ್‌ಸ್ಕಿಯ ಹಸ್ತಪ್ರತಿಯಲ್ಲಿರುವುದು ಹೀಗಲ್ಲ. ಅಲ್ಲಿ ಬಂಡಿ ಮೊದಲ ಸ್ವರದಲ್ಲಿಯೇ ಸಂಪೂರ್ಣ ಬಲದಿಂದ ನಮ್ಮ ಎದೆಯ ಮೇಲೆ ಹಾಯುತ್ತದೆ. ಮೆಲ್ಲನೆಯ ಆರಂಭ ರಿಮ್‌ಸ್ಕಿಯ ತಿದ್ದುಪಡಿ. ಅಚ್ಚಾದ ಆ ಪ್ರತಿಯನ್ನೇ ರವೆಲ್ ಅನುಸರಿಸಿದನು. ಮೂಲಕ್ಕೆ ನಿಷ್ಠವಾದ ಮುದ್ರಣ ಹೊರಬಂದದ್ದು ೧೯೩೧ರಲ್ಲಿ. ದೂರದಿಂದ ಬರುವ ಬಂಡಿ ನೋಟದ ವಸ್ತು. ಎದುರಿಗೇ ಬಂದು ನಿಂತ ಬಂಡಿ ಬದುಕಿನ ಹೊರೆ. ಇವೆರಡರ ಅಂತರ ಅಲ್ಪವೇ?

ಇನ್ನೊಂದು ಮಾತು. ಸಿರಿವಂತ-ಬಡವರ ಚಿತ್ರವಾದ ಮೇಲೆ ಬರುವ ನಡಿಗೆಯನ್ನು ರವೆಲ್ ಬಿಟ್ಟುಬಿಟ್ಟನು. ಅದು ಮೊದಲ ನಡಿಗೆಯ ಪುನರುಕ್ತಿಯಂತಿದೆ, ನಿಜ. ಆದರೆ ದುಃಖಿಯಾದವನು ಪುನರುಕ್ತಿಗೆ ಅಂಜುತ್ತಾನೆಯೆ?

ಮುಂದಿನವರು ಈ ಕೊರತೆಗಳನ್ನು ಬಗೆಬಗೆಯಾಗಿ ತುಂಬಲು ಯತ್ನಿಸಿದರು. ೧೯೩೯ರಲ್ಲಿ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಕೃತಿಗೆ ರಷ್ಯದ ಮೈಕಟ್ಟನ್ನು ಮರಳಿ ಕೊಡಹೊರಟು, ಮೊದಲ ನಡಿಗೆಯನ್ನು ಟ್ರಂಪೆಟ್ಟಿನಿಂದ ಕಿತ್ತು ತಂತಿವಾದ್ಯಗಳಿಗೆ ಕೊಟ್ಟನು. ಫ್ರಾನ್ಸಿನ ಎರಡು ದೃಶ್ಯಗಳನ್ನು ಕಡಿದುಹಾಕಿದನು. ಒಂದನ್ನು ಪಡೆಯಹೋಗಿ ಇನ್ನೊಂದನ್ನು ಕಳೆದಂತಾಯಿತು. ೧೯೫೪ರಲ್ಲಿ ಸೆರ್ಗೆ ಗೊರ್ಚಕೊವ್ ನಡಿಗೆಗಳೆಲ್ಲವನ್ನೂ ಉಳಿಸಿ ಒರಟಾದ ಮೂಲಕ್ಕೆ ಹತ್ತಿರ ಹೋದನು. ಪಿಯಾನೋ ವಾದಕನೇ ಆದ ವ್ಲದೀಮಿರ್ ಅಶ್ಕೆನಾಜಿ ೧೯೮೨ರಲ್ಲಿ ಹಸ್ತಪ್ರತಿಯ ಬೆಳಕಿನಲ್ಲಿ ಮತ್ತೊಂದು ರೂಪವನ್ನು ಕೊಟ್ಟನು. ಇವು ಪಾಠಕ್ಕೆ ನಿಷ್ಠವಾಗಿದ್ದರೂ ರವೆಲ್ಲನ ಬೆಡಗಿನೆದುರು ಕಳೆಗುಂದುವುದುಂಟು. ನಿಷ್ಠೆಯೊಂದೇ ಕಲೆಯಾಗದು, ಬೆಡಗೊಂದೇ ಸತ್ಯವಾಗದು.

ಕೊನೆಯ ಚಿತ್ರದ ಬಳಿ ನಿಂತು ಈ ತೂಗುವಿಕೆಯನ್ನು ಮುಗಿಸಬಹುದು. ೧೮೬೬ರಲ್ಲಿ ತ್ಸಾರ್ ಎರಡನೆಯ ಅಲೆಕ್ಸಾಂಡರ್ ಕೊಲೆಗಡುಕನಿಂದ ಪಾರಾದ ನೆನಪಿಗೆ ಕೀವ್ ನಗರದಲ್ಲಿ ಮಹಾದ್ವಾರವೊಂದನ್ನು ಕಟ್ಟಬೇಕೆಂದಿದ್ದರು. ಹಾರ್ಟ್‌ಮನ್ ಅದರ ನಕ್ಷೆಯನ್ನು ಬರೆದನು. ದ್ವಾರ ಏಳಲೇ ಇಲ್ಲ. ವೃಂದದಲ್ಲಿ ಗಂಟೆ, ಕಹಳೆ, ತಮ್ಮಟೆಗಳು ಒಟ್ಟಾಗಿ ಮೊಳಗಿದಾಗ ಆ ದ್ವಾರ ಕಣ್ಣೆದುರು ಕಲ್ಲಾಗಿ ನಿಲ್ಲುತ್ತದೆ. ಪಿಯಾನೋದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಹತ್ತು ಬೆರಳುಗಳು ಎತ್ತಿ ನಿಲ್ಲಿಸಿದ ನಾದ ಮರುಕ್ಷಣವೇ ಕುಸಿಯುತ್ತದೆ. ವಾದಕನು ಮತ್ತೆ ಎತ್ತುತ್ತಾನೆ, ಮತ್ತೆ ಅದು ಕುಸಿಯುತ್ತದೆ. ೧೯೫೮ರಲ್ಲಿ ಸ್ವ್ಯಾತೊಸ್ಲಾವ್ ರಿಖ್ಟರ್ ಸೋಫಿಯಾ ನಗರದಲ್ಲಿ ನುಡಿಸಿದ ಕಛೇರಿಯ ಧ್ವನಿಮುದ್ರಣವನ್ನು ಕೇಳಿದವರಿಗೆ ಈ ಹೋರಾಟದ ಅನುಭವವಾದೀತು.

ವೃಂದದಲ್ಲಿ ನಮಗೆ ದೊರೆಯುವುದು ಹಾರ್ಟ್‌ಮನ್ ಕಂಡ ದ್ವಾರ. ಪಿಯಾನೋದಲ್ಲಿ ದೊರೆಯುವುದು, ಅದನ್ನು ಗೆಳೆಯನಿಗಾಗಿ ಹೇಗಾದರೂ ಕಟ್ಟಿಯೇ ತೀರಬೇಕೆಂದು ಒಬ್ಬಂಟಿಯಾಗಿ ಹೆಣಗುವ ಮಿತ್ರ. ರವೆಲ್ಲನನ್ನು ಕೇಳಿ ಬೆರಗಾದ ವಾಚಕರು ಒಮ್ಮೆ ಆ ಮಿತ್ರನ ಬಳಿಗೂ ಹೋಗಿಬರಬೇಕೆಂಬುದೇ ಈ ಲೇಖನದ ಆಶಯ.