ಧ್ಯಾನಕೂಟದಲ್ಲಿ ಚಲಚ್ಚಿತ್ರ

1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗುಲಿ, ಕಾಲು ಮುರಿದು, ಲೊಯೋಲಾದ ತನ್ನ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಇಗ್ನೇಷಿಯಸ್ ಎಂಬ ಸ್ಪೇನಿನ ಯೋಧನು, ಹೊತ್ತು ಕಳೆಯಲೆಂದು ತನಗೆ ಪ್ರಿಯವಾಗಿದ್ದ ವೀರಶೃಂಗಾರದ ಕಥೆಗಳನ್ನು ಬೇಡಲಾಗಿ, ಅಂಥ ಪುಸ್ತಕವೊಂದೂ ಆ ಮನೆಯಲ್ಲಿ ದೊರೆಯದೆ, ಕ್ರಿಸ್ತಚರಿತ್ರೆಯನ್ನೂ ಸಂತರ ಜೀವನಕಥೆಗಳನ್ನೂ ಓದಬೇಕಾಗಿ ಬಂದಿತು. ಓದುವ ನಡುನಡುವೆ ಅವನು ಹಗಲುಗನಸಿಗೆ ಬೀಳುತ್ತಿದ್ದನು: ಒಮ್ಮೆ ಉನ್ನತ ಕುಲದ ಮಹಿಳೆಯೊಬ್ಬಳ ಸೇವೆಯಲ್ಲಿ ತಾನು ಮೆರೆಯಲಿರುವ ಸಾಹಸಗಳ ಕನಸು, ಇನ್ನೊಮ್ಮೆ ಸಂತರಂತೆ ಬರಿಗಾಲಿನಲ್ಲಿ ಜೆರುಸಲೇಮಿಗೆ ನಡೆಯುವ ಕನಸು. ಕಾಣುತ್ತಿರುವಷ್ಟು ಹೊತ್ತು ಎರಡೂ ಹಿತವಾಗಿಯೇ ಇದ್ದುವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಶುಷ್ಕವೂ ಅತೃಪ್ತವೂ ಆಗಿ ಉಳಿಯುತ್ತಿತ್ತು, ಎರಡನೆಯದು ಮುಗಿದ ಮೇಲೂ ಅದರ ಉಲ್ಲಾಸ ಆರುತ್ತಿರಲಿಲ್ಲ. ಕಥೆಯ ಪರೀಕ್ಷೆ ನಡೆಯುವುದು ಕಥೆ ಮುಗಿದ ಮೇಲೆ ಎಂಬ ಈ ಸರಳವಾದ ಅನುಭವವೇ, ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಈತನ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೈಪಿಡಿಗೆ ಬೀಜವಾಯಿತು. 1548ರಲ್ಲಿ ಪೋಪ್ ಮೂರನೆಯ ಪೌಲರ ಸಮ್ಮತಿಯನ್ನು ಪಡೆದ ಆ ಕೈಪಿಡಿಯನ್ನನುಸರಿಸಿ ಇಂದಿಗೂ ಲೋಕದ ನಾನಾ ಕಡೆ ಧ್ಯಾನಕೂಟಗಳು ನಡೆಯುತ್ತವೆ.

ಆ ಸಾಧನೆಗಳಲ್ಲಿ ಕಲ್ಪನಾಶಕ್ತಿಗೆ ದೊಡ್ಡ ಸ್ಥಾನವಿದೆ. ಸಾಧಕನು ಸುವಾರ್ತೆಯ ಪ್ರಸಂಗವೊಂದನ್ನು ಆರಿಸಿಕೊಂಡು, ಅದು ನಡೆದ ಊರು, ಹಾದಿ, ಮನೆಗಳನ್ನು ಮನಸ್ಸಿನಲ್ಲಿ ನಿರ್ಮಿಸಿ, ಅಲ್ಲಿಯ ಜನರನ್ನು ಕಂಡು, ಅವರ ಮಾತನ್ನು ಕೇಳಿ, ತಾನೂ ಅವರ ನಡುವೆ ಒಬ್ಬನಾಗಿ ನಿಲ್ಲಬೇಕು. ಬಳಿಕ ಅದೇ ಪ್ರಸಂಗಕ್ಕೆ ಮರಳಿ ಬಂದು, ಮೊದಲ ಸಲ ಎದೆ ಕರಗಿದ ಅಥವಾ ಎದೆ ಬಿಗಿದುಕೊಂಡ ಎಡೆಗಳಲ್ಲಿ ಮಾತ್ರ ತಂಗಬೇಕು. ಇಷ್ಟನ್ನು ಅರಿತವನಿಗೆ, ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ಧ್ಯಾನಮಂದಿರಗಳಲ್ಲಿ ಎರಡು ಮೂರು ದಿನಗಳ ಕೂಟಕ್ಕೆ ಚಲಚ್ಚಿತ್ರವನ್ನೇ ಆಧಾರವಾಗಿ ಇರಿಸಿಕೊಳ್ಳುವ ಪದ್ಧತಿ ಬೆಳೆದುದರಲ್ಲಿ ಆಶ್ಚರ್ಯವೇನೂ ತೋರದು. ಊರು, ಹಾದಿ, ಮುಖಗಳನ್ನು ಚಿತ್ರವೇ ಕಟ್ಟಿಕೊಡುತ್ತದೆ; ಅದರೊಳಗೆ ಹೊಕ್ಕು ನಿಲ್ಲುವ ಕೆಲಸವಷ್ಟೇ ನೋಡುವವನ ಪಾಲಿಗೆ ಉಳಿಯುವುದು. ಆ ಕೆಲಸ ಸುಲಭವೆಂದು ಯಾರೂ ಭಾವಿಸಬಾರದು. ಕಣ್ಣು ತಾನಾಗಿ ತುಂಬಿಬಂದಾಗ ಮನಸ್ಸು ಸೋಮಾರಿಯಾಗುವುದುಂಟು.

ಕ್ರೈಸ್ತಸಭೆಯು ಸಿನಿಮಾವನ್ನು ಮೊದಲಿನಿಂದಲೂ ಹೀಗೆ ಆದರಿಸಿತೆಂದಲ್ಲ. 1936ರಲ್ಲಿ ಪೋಪ್ ಹನ್ನೊಂದನೆಯ ಪಿಯುಸರು ಹೊರಡಿಸಿದ ಪರಿಪತ್ರದಲ್ಲಿ ಎಚ್ಚರಿಕೆಯ ಸ್ವರವೇ ಪ್ರಧಾನವಾಗಿದ್ದಿತು. ಆದರೆ 1995ರಲ್ಲಿ, ಸಿನಿಮಾ ಹುಟ್ಟಿ ನೂರು ವರ್ಷವಾದ ಸಂದರ್ಭದಲ್ಲಿ, ವ್ಯಾಟಿಕನ್ನಿನಿಂದಲೇ 45 ಶ್ರೇಷ್ಠ ಚಿತ್ರಗಳ ಪಟ್ಟಿಯೊಂದು ಹೊರಬಂದಿತು. ಅದರಲ್ಲಿ ಡ್ರೇಯರನ 'ಆರ್ಡೆಟ್', ತಾರ್ಕೋವ್‌ಸ್ಕಿಯ 'ಆಂದ್ರೇ ರುಬ್ಲೆವ್' ಮುಂತಾದ ಧಾರ್ಮಿಕ ವಸ್ತುವಿನ ಕೃತಿಗಳ ಜೊತೆಗೆ 'ಬೈಸಿಕಲ್ ಥೀವ್ಸ್' ಚಿತ್ರವೂ ಚಾಪ್ಲಿನ್ನನ 'ಮಾಡರ್ನ್ ಟೈಮ್ಸ್' ಚಿತ್ರವೂ ಸೇರಿದ್ದುವು. ದೇವರ ಹೆಸರೆತ್ತದ ಚಿತ್ರವೂ ಧ್ಯಾನಕ್ಕೆ ಒದಗಬಲ್ಲುದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ನನ್ನ ಮಟ್ಟಿಗಂತೂ ಅಂಥ ಚಿತ್ರಗಳೇ ಹೆಚ್ಚು ಆಳಕ್ಕೆ ಒಯ್ಯುತ್ತವೆ, ಏಕೆಂದರೆ ಅಲ್ಲಿ ಭಕ್ತಿಯ ಸಿದ್ಧಭಾವಗಳು ಮುಂದೆ ಬಂದು ನಮ್ಮ ಪರವಾಗಿ ಕಣ್ಣೀರಿಡುವುದಿಲ್ಲ.

ಆ ಪಟ್ಟಿಯಲ್ಲಿಲ್ಲದ ಒಂದು ಚಿತ್ರವನ್ನೇ ಹತ್ತಿರದಿಂದ ನೋಡೋಣ: ಅಕಿರ ಕುರೊಸಾವಾನ 1952ರ 'ಇಕಿರು'. ವಾತಾನಾಬೆ ನಗರಾಡಳಿತದ ಒಂದು ವಿಭಾಗದ ಮುಖ್ಯಸ್ಥ. ಸುಮಾರು 30 ವರ್ಷ ಕಾಗದಗಳಿಗೆ ಮೊಹರೊತ್ತುತ್ತ ಬಂದವನು. ಹೊಟ್ಟೆಯ ಕ್ಯಾನ್ಸರಿನಿಂದ ತನಗಿನ್ನು ಕೆಲವೇ ತಿಂಗಳ ಆಯುಷ್ಯವೆಂದು ಅರಿತಾಗ, ಬದುಕೆಂಬುದನ್ನು ಮದ್ಯದಲ್ಲಿ, ಇರುಳಿನ ವಿಲಾಸಗಳಲ್ಲಿ, ಕೊನೆಗೆ ಕಚೇರಿಯ ಕೆಲಸ ಬಿಟ್ಟು ಆಟಿಕೆಯ ಕಾರ್ಖಾನೆ ಸೇರಿದ ತರುಣಿಯೊಬ್ಬಳ ಲವಲವಿಕೆಯಲ್ಲಿ ಹುಡುಕಿಕೊಂಡು ಅಲೆಯುತ್ತಾನೆ. ಹೋಟೆಲೊಂದರ ಮಹಡಿಯಲ್ಲಿ ಆಕೆ ತಾನು ಮಾಡಿದ ಕೀಲಿಮೊಲವನ್ನು ಮೇಜಿನ ಮೇಲೆ ಕುಪ್ಪಳಿಸಲು ಬಿಟ್ಟು, ನೀವೂ ಏನಾದರೂ ಮಾಡಬಾರದೇಕೆ ಎನ್ನುತ್ತಾಳೆ. ಇನ್ನು ಹೊತ್ತು ಮೀರಿತೆಂದು ಕುಸಿದು ಕುಳಿತಿದ್ದ ಮುದುಕನಿಗೆ ಒಮ್ಮೆಲೇ ಏನೋ ಹೊಳೆಯುತ್ತದೆ. ಮೊಲವನ್ನು ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾನೆ. ಅದೇ ಕ್ಷಣದಲ್ಲಿ ಮಹಡಿಯಲ್ಲಿ ನೆರೆದ ತರುಣ ತರುಣಿಯರು, ಮೆಟ್ಟಿಲೇರಿ ಬರುತ್ತಿರುವ ತಮ್ಮ ಗೆಳತಿಗಾಗಿ, ಹುಟ್ಟುಹಬ್ಬದ ಹಾಡನ್ನು ಎತ್ತುತ್ತಾರೆ; ಹಾಡು ಆ ಹುಡುಗಿಗೆ ಸಲ್ಲಬೇಕಾದದ್ದು, ತಲುಪುವುದು ಇಳಿದು ಹೋಗುತ್ತಿರುವ ಮುದುಕನಿಗೆ.

ಇಂಥ ಚಿತ್ರವನ್ನು ನೋಡಿದ ಕೂಡಲೇ ದೀಪ ಹೊತ್ತಿಸಿ ಅಭಿಪ್ರಾಯ ಕೇಳಿದರೆ, ನಟನೆ ಹೇಗಿತ್ತು, ಲಂಬಿಸಿತೇ, ಛಾಯಾಗ್ರಹಣ ಚೆನ್ನಾಗಿತ್ತೇ ಎಂಬ ಮಾತುಗಳು ನಾಲಗೆಯ ತುದಿಗೆ ಬರುತ್ತವೆ, ನಿಜವಾಗಿ ಸಂಭವಿಸಿದ್ದು ಒಳಗೇ ಮುಚ್ಚಿಹೋಗುತ್ತದೆ. ಆದಕಾರಣ ಬಲ್ಲ ಮಾರ್ಗದರ್ಶಕರು ಚಿತ್ರ ಮುಗಿದೊಡನೆ ಮೌನವನ್ನು ವಿಧಿಸುತ್ತಾರೆ. ಅರ್ಧ ಗಂಟೆಯೋ, ಒಂದು ಇಡೀ ರಾತ್ರಿಯೋ, ಒಬ್ಬೊಬ್ಬರೂ ತಮ್ಮಷ್ಟಕ್ಕೆ ತಾವಿದ್ದು ಮರಳಿ ವೃತ್ತವಾಗಿ ಕುಳಿತಾಗ ಮೊದಲ ಪ್ರಶ್ನೆ ಒಂದೇ: ನಿಮ್ಮ ಮನಸ್ಸು ಯಾವ ದೃಶ್ಯದ ಬಳಿ ನಿಂತಿತು? ಒಬ್ಬರು ಮೆಟ್ಟಿಲನ್ನು ಹೇಳಬಹುದು, ಇನ್ನೊಬ್ಬರು ತಂದೆಯ ಕಾಯಿಲೆಯನ್ನರಿಯದೆ ಅವನ ಪಿಂಚಣಿಯ ಹಣದ ಲೆಕ್ಕ ಹಾಕುವ ಮಗನನ್ನು. ಹೇಳಿದುದನ್ನು ಯಾರೂ ಖಂಡಿಸಕೂಡದು, ತಿದ್ದಕೂಡದು. ಮನಸ್ಸು ಕರಗಿದ ಎಡೆಯಷ್ಟೇ ಅದು ಸಿಡಿಮಿಡಿಗೊಂಡ ಎಡೆಯೂ ಇಲ್ಲಿ ಅಮೂಲ್ಯ. ಆ ಮಗನನ್ನು ಕಂಡು ಸಿಟ್ಟಿಗೆದ್ದವನು ಎಷ್ಟೋ ಹೊತ್ತಿನ ಬಳಿಕ ತನ್ನ ತಂದೆಯ ಮಾತನ್ನು ಎತ್ತಿಯಾನು. ಸಂಜೆಗೆ ಅದೇ ದೃಶ್ಯವನ್ನು ಮತ್ತೊಮ್ಮೆ ಹಾಕಿ ತೋರಿಸುವುದೂ ಉಂಟು. ಶ್ರವಣದ ಮೇಲೆ ಮನನ, ಮನನದ ಮೇಲೆ ನಿದಿಧ್ಯಾಸನವೆಂದು ನಮ್ಮ ಹಿರಿಯರು ಇಟ್ಟ ಕ್ರಮವನ್ನು ಬಲ್ಲವರಿಗೆ ಇದು ಹೊಸದೆನಿಸದು.

ಚರ್ಚೆಗೆ ತನ್ನದೇ ಆದ ಅಪಾಯವೊಂದಿದೆ, ಮತ್ತು ಅದನ್ನು 'ಇಕಿರು'ವಿಗಿಂತ ಚೆನ್ನಾಗಿ ತೋರಿಸಿದ ಕೃತಿಯನ್ನು ನಾನು ಕಾಣೆ. ಕೊಳಚೆಗುಂಡಿಯನ್ನು ಮುಚ್ಚಿಸಿ ಮಕ್ಕಳಿಗೆ ಉದ್ಯಾನ ಮಾಡಿಸಿಕೊಟ್ಟ ವಾತಾನಾಬೆ ಕಥೆಯ ನಡುವಿನಲ್ಲೇ ತೀರಿಹೋಗುತ್ತಾನೆ. ಉಳಿದ ಭಾಗವೆಲ್ಲ ಅವನ ಶ್ರದ್ಧಾಂಜಲಿಗೆ ಕೂಡಿದ ಸಹೋದ್ಯೋಗಿಗಳ ಮಾತುಕತೆ. ಮೊದಲು ಅವನ ಕೆಲಸದ ಹಿರಿಮೆಯನ್ನು ಮೇಲಧಿಕಾರಿಗೆ ಕಟ್ಟಿದವರು, ಇರುಳು ಬೆಳೆದಂತೆ ಒಂದೊಂದೇ ನೆನಪನ್ನು ಹೆಕ್ಕಿ ಜೋಡಿಸಿ, ಸತ್ಯವನ್ನು ಕಂಡು, ಅತ್ತು, ನಾವೂ ಅವನಂತೆ ಬಾಳೋಣವೆಂದು ಕುಡಿದ ಮತ್ತಿನಲ್ಲಿ ಶಪಥ ಮಾಡುತ್ತಾರೆ. ಮರುದಿನ ಕಚೇರಿಯಲ್ಲಿ ಅಹವಾಲು ತಂದವರನ್ನು ಹೊಸ ಮುಖ್ಯಸ್ಥ ಎಂದಿನಂತೆ ಬೇರೊಂದು ವಿಭಾಗಕ್ಕೆ ಸಾಗಹಾಕುತ್ತಾನೆ. ಒಬ್ಬನೇ ಒಬ್ಬ ಪ್ರತಿಭಟಿಸಲು ಎದ್ದು ನಿಲ್ಲುತ್ತಾನೆ, ಎಲ್ಲರ ನೋಟಕ್ಕೆ ಕುಗ್ಗಿ ಮತ್ತೆ ಕುಳಿತು, ಕಡತಗಳ ರಾಶಿಯ ಹಿಂದೆ ಮರೆಯಾಗುತ್ತಾನೆ. ಚಿತ್ರ ನೋಡಿ ಕಣ್ಣೊರೆಸಿಕೊಂಡು ಸೊಗಸಾಗಿ ಮಾತಾಡಿದ ಪ್ರತಿಯೊಂದು ಕೂಟಕ್ಕೂ ಈ ದೃಶ್ಯ ನೇರವಾಗಿ ಅನ್ವಯಿಸುತ್ತದೆ. ರಸಾಸ್ವಾದವನ್ನು ಬ್ರಹ್ಮಾಸ್ವಾದಕ್ಕೆ ಸಹೋದರನೆಂದ ಆಲಂಕಾರಿಕರು ಎರಡೂ ಒಂದೇ ಎನ್ನಲಿಲ್ಲವೆಂಬುದು ಇಲ್ಲಿ ನೆನಪಿಗೆ ಬರುತ್ತದೆ.

ಭಾರತದಲ್ಲಿ ಈ ದಾರಿಗೆ ಹತ್ತಿರವಾದ ಪ್ರಯತ್ನಗಳು ನಡೆಯದೆ ಇಲ್ಲ. ಕೆನಡಾದ ಯೇಸುಸಭೆಯ ಗುರು ಗ್ಯಾಸ್ಟನ್ ರೊಬರ್ಜರು 1961ರಲ್ಲಿ ಇಲ್ಲಿಗೆ ಬರುವ ಹಾದಿಯಲ್ಲಿ, ನ್ಯೂಯಾರ್ಕಿನಲ್ಲಿ, ಸತ್ಯಜಿತ್ ರಾಯರ ಅಪು ಚಿತ್ರತ್ರಯವನ್ನು ಕಂಡು ಈ ನಾಡಿನ ಜನರನ್ನು ಮೊದಲು ಅಲ್ಲಿಯೇ ಪ್ರೀತಿಸಿದರು. 1970ರಲ್ಲಿ ಕಲ್ಕತ್ತೆಯಲ್ಲಿ ಅವರು ತೆರೆದ 'ಚಿತ್ರಬಾಣಿ' ಸಂಸ್ಥೆ ಹಲವು ತಲೆಮಾರಿನವರಿಗೆ ಚಿತ್ರ ನೋಡುವುದನ್ನು ಕಲಿಸಿತು. ನಮ್ಮ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಮುಂದೆ ಪುಣೆಯ ಸತೀಶ ಬಹಾದ್ದೂರರ ನೆರವಿನಿಂದ ರಸಗ್ರಹಣ ಶಿಬಿರಗಳನ್ನು ನಡೆಸಿತು. ಅವು ಧಾರ್ಮಿಕ ಶಿಬಿರಗಳಲ್ಲ, ಹಾಗೆಂದು ಹೇಳಿಕೊಂಡುದೂ ಇಲ್ಲ. ಆದರೂ ಮನೆ ಮಾರುಗಳನ್ನು ಬಿಟ್ಟು ಬಂದು, ಅಡಿಕೆತೋಟಗಳ ನಡುವಣ ಹಳ್ಳಿಯಲ್ಲಿ ಒಟ್ಟಿಗೆ ಉಂಡು, ಒಟ್ಟಿಗೆ ನೋಡಿ, ನೋಡಿದುದನ್ನು ಕುರಿತು ದಿನಗಟ್ಟಲೆ ಮಾತಾಡುವ ಆ ಬಾಳ್ವೆಯಲ್ಲಿ ಧ್ಯಾನಕೂಟದ ಅಂಗಗಳು ಬಹುಮಟ್ಟಿಗೆ ಇದ್ದೇ ಇದ್ದುವು.

ದೂರದ ಧ್ಯಾನಮಂದಿರಗಳಿಗೆ ಹೋಗಲಾರದವರು ನಾಲ್ಕಾರು ಮಂದಿ ಮನೆಯೊಂದರಲ್ಲಿ ಸೇರಿಯೂ ಇದನ್ನು ನಡೆಸಬಹುದು. ಚಿತ್ರ ಒಂದೇ ಇರಲಿ, ನಡುವೆ ನಿಲ್ಲಿಸದೆ ನೋಡಲಿ, ಮೊಬೈಲುಗಳನ್ನು ಬೇರೆ ಕೋಣೆಯಲ್ಲಿರಿಸಲಿ. ಆ ರಾತ್ರಿ ಚಿತ್ರದ ಮಾತೆತ್ತದೆ ಮಲಗಿ, ಬೆಳಗಿನ ಕಾಫಿಯಾದ ಮೇಲೆ ಕುಳಿತು, ಎಲ್ಲರಿಗಿಂತ ಕಡಮೆ ಮಾತಾಡುವವರಿಂದ ಆರಂಭಿಸಲಿ.